ಡಾಕ್ಟರ್ ಚೀಟಿ, ನನ್ನ ಪೇಟೆಂಟ್ ಡೈರಿ

ಮೂಡಿಗೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. "ಇದ್ರಲ್ಲೇ ಕಡಿಮೆ ರೇಟಿಂದು ಕೊಡಿ" ಅಂತ ಕೇಳುವವರೇ ಜಾಸ್ತಿ. ಆಗ ನಾನು ಬ್ರ್ಯಾಂಡ್ ಬಿಟ್ಟು ಸಾಲ್ಟ್ ಹೆಸರು, ಅಂದ್ರೆ ಒಳಗಿರುವ ಅಸಲಿ ಔಷಧಿಯ ಹೆಸರು ನೋಡುತ್ತೇನೆ. ಅದರ ಪೇಟೆಂಟ್, ಅಂದ್ರೆ ಅದನ್ನು ಒಂದೇ ಕಂಪನಿ ಮಾಡಿ ಮಾರುವ ಹಕ್ಕು, ಮುಗಿದಿದೆಯಾ ಅಂತ ಆ ತಾರೀಕುಗಳನ್ನು ಬರೆದಿಟ್ಟ ಡೈರಿ ತೆಗೆಯುತ್ತೇನೆ. ಮುಗಿದಿಲ್ಲ ಅಂದ್ರೆ ಜನೌಷಧಿ ಕೇಂದ್ರಕ್ಕೆ ಕಳಿಸಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಸುಮ್ನೆ ಬಸ್ ಚಾರ್ಜ್ ದಂಡ.

ಡೈರಿಯಲ್ಲಿ ಶುಗರ್ ಮಾತ್ರೆಗಳದ್ದೇ ಕಾರುಬಾರು. ಪೇಟೆಂಟ್ ಮುಗಿದದ್ದು ವಿಲ್ಡಾಗ್ಲಿಪ್ಟಿನ್ 2019ರ ಡಿಸೆಂಬರ್, ಸಿಟಾಗ್ಲಿಪ್ಟಿನ್ 2022ರ ಜುಲೈ, ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚ್. ಬಣಕಲ್ ಕಡೆಯ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು ಈ ಕೊನೆಯದನ್ನು ತಗೊಳ್ಳುತ್ತಿದ್ದರು. ಮಾತ್ರೆ ಒಂದಕ್ಕೆ 60 ರೂಪಾಯಿ ಆಸುಪಾಸು. "ಈಗ ಅರ್ಧ ಸ್ಟ್ರಿಪ್ ಕೊಡಿ, ಸಂಬಳ ಆದ್ಮೇಲೆ ಉಳಿದಿದ್ದು" ಅನ್ನುತ್ತಿದ್ದರು. ಮಾರ್ಚ್ 11ಕ್ಕೆ ಪೇಟೆಂಟ್ ಮುಗಿಯಿತು. ಸ್ಟಾಕಿಸ್ಟ್ ಕಳಿಸಿದ ಹೊಸ ಪಟ್ಟಿಯಲ್ಲಿ ಕೆಲವು ಕಂಪನಿಗಳದ್ದು ಹತ್ತು ರೂಪಾಯಿಯೊಳಗೇ ಇತ್ತು!

ಆದರೆ ಡಾಕ್ಟರ್ ಬರೆದ ಬ್ರ್ಯಾಂಡ್ ಬದಲು ನಾವಾಗಿಯೇ ಬೇರೆಯದು ಕೊಡುವಂತಿಲ್ಲ. ಶೆಡ್ಯೂಲ್ ಎಚ್, ಅಂದ್ರೆ ಚೀಟಿ ಇದ್ದರೆ ಮಾತ್ರ ಕೊಡುವ ಔಷಧಿಗೆ, ಒಳಗಿನ ಸಾಲ್ಟ್ ಒಂದೇ ಆದರೂ ಅದೇ ನಿಯಮ. ಹಾಗಾಗಿ ಚೀಟಿಯ ಹಿಂದೆ ಬರೆದೆ: "ಎಂಪಾಗ್ಲಿಫ್ಲೋಜಿನ್ 10 ಎಂ.ಜಿ., ಬೇರೆ ಕಂಪನಿದು ಬಂದಿದೆ. ಆಗುತ್ತಾ ಸಾರ್?" ಡಾಕ್ಟರ್ ಪಕ್ಕದಲ್ಲೇ ಸಾಲ್ಟ್ ಹೆಸರು ಬರೆದು ಸಹಿ ಹಾಕಿ ಕಳಿಸಿದರು. ಈಗ ಎಲ್ಲರಿಗೂ ಹೀಗೇ ಮಾಡುತ್ತೇನೆ. ನನ್ನ ಲಾಭ ಇಳಿಯುತ್ತೆ, ನಿಜ. ಆದರೆ ಗಿರಾಕಿ ಮಾತ್ರೆ ಬಿಡುವುದಿಲ್ಲ.

"ಸರ್ಕಾರವೇ ಪೇಟೆಂಟ್ ಪಕ್ಕಕ್ಕಿಟ್ಟು ಬೇರೆಯವರಿಗೆ ಮಾಡೋಕೆ ಬಿಡಬಾರ್ದಾ ಮಾರಾಯ್ರೆ?" ಅಂತ ರೈಟರ್ ಒಮ್ಮೆ ಕೇಳಿದರು. ಬಿಡಬಹುದು. ಅದಕ್ಕೇ ಕಡ್ಡಾಯ ಪರವಾನಗಿ ಇರುವುದು, ಪೇಟೆಂಟ್ ಕಾಯ್ದೆಯ 84ನೇ ಸೆಕ್ಷನ್. ಪೇಟೆಂಟ್ ಸಿಕ್ಕಿ ಮೂರು ವರ್ಷವಾದ ಮೇಲೆ, ಔಷಧಿ ಜನರ ಕೈಗೆಟುಕುವ ಬೆಲೆಗೆ ಸಿಗುತ್ತಿಲ್ಲ ಅಂತ ತೋರಿಸಿ ಇನ್ನೊಂದು ಕಂಪನಿ ಅರ್ಜಿ ಹಾಕಬಹುದು. 2012ರ ಮಾರ್ಚ್‌ನಲ್ಲಿ ನ್ಯಾಟ್ಕೋ ಕಂಪನಿಗೆ ಹೀಗೇ ಪರವಾನಗಿ ಸಿಕ್ಕಿತು. ಔಷಧಿ ಬೇಯರ್ ಕಂಪನಿಯ ಸೊರಾಫೆನಿಬ್, ಲಿವರ್ ಮತ್ತು ಕಿಡ್ನಿ ಕ್ಯಾನ್ಸರ್‌ಗೆ ಕೊಡುವುದು. ತಿಂಗಳಿಗೆ 2.8 ಲಕ್ಷ ಇದ್ದದ್ದು 8,880 ರೂಪಾಯಿಗೆ ಬಂತು. ಬೇಯರ್‌ಗೆ ನ್ಯಾಟ್ಕೋ ಮಾರಾಟದಲ್ಲಿ ಕೊಡಬೇಕಾದ ಪಾಲು (ರಾಯಲ್ಟಿ) ಮೊದಲು ಶೇ. 6, ಅಪೀಲಿನಲ್ಲಿ ಶೇ. 7 ಆಯಿತು.

ಶುಗರ್ ಮಾತ್ರೆಗೂ ಒಬ್ಬರು ಪ್ರಯತ್ನ ಮಾಡಿದ್ದರು. ಸ್ಯಾಕ್ಸಾಗ್ಲಿಪ್ಟಿನ್ ಅನ್ನುವ ಮಾತ್ರೆಗೆ ಲೀ ಫಾರ್ಮಾ ಕಂಪನಿ ಹಾಕಿದ ಅರ್ಜಿ 2016ರ ಜನವರಿಯಲ್ಲಿ ತಿರಸ್ಕಾರವಾಯಿತು. ಅದೇ ಗುಂಪಿನ ಬೇರೆ ಮಾತ್ರೆಗಳು ಸಿಗುತ್ತವಲ್ಲ ಅನ್ನುವುದು ಕಾರಣಗಳಲ್ಲಿ ಒಂದು. ಆ ಬೇರೆ ಮಾತ್ರೆಗಳಿಗೂ ಆಗ ಪೇಟೆಂಟ್ ಇತ್ತು! ಇದನ್ನು ಓದಿದ ಮೇಲೆ ಶುಗರ್ ವಿಷಯದಲ್ಲಿ ನಾನು ಸೆಕ್ಷನ್ 84 ನಂಬುವುದು ಬಿಟ್ಟೆ. ಡೈರಿಯೇ ಗತಿ.

ಕ್ಯಾನ್ಸರ್ ಚೀಟಿ ಬಂದಾಗ ಮಾತ್ರ ಡೈರಿ ತೆಗೆಯಲು ಮನಸ್ಸಾಗುವುದಿಲ್ಲ. ಪೇಟೆಂಟ್ ಇನ್ನೂ ಆರು ವರ್ಷ ಇದೆ ಅಂತ ಅವರಿಗೆ ಹೇಗೆ ಹೇಳುವುದು? ಕಂಪನಿಯ ರಿಯಾಯಿತಿ ಸ್ಕೀಮ್ ಇದೆಯಾ ಅಂತ ಡಾಕ್ಟರ್ ಹತ್ತಿರ ವಿಚಾರಿಸಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಒಮ್ಮೆ ಕೇಳಿ ನೋಡಿ ಅಂತ ಬರೆದುಕೊಡುತ್ತೇನೆ.