ಖಾಲಿ ಸೈಟಿನ ಕಳೆಗೆ ಗುತ್ತಿಗೆ ಬೇಡ, ನಮ್ಮವರೇ ಸಾಕು

ನಮ್ಮ ಲೇಔಟ್‌ನಲ್ಲಿ ಕಳೆ ತೆಗೆಯುವುದನ್ನು ಮೊದಲು ಗುತ್ತಿಗೆ ಕೊಟ್ಟಿದ್ದೆವು. ಅವರು ಬರುತ್ತಿದ್ದದ್ದೇ ಗಿಡ ಬೀಜ ಉದುರಿಸಿದ ಮೇಲೆ, ಸುಮ್ನೆ ಮೇಲಿಂದ ಸವರಿ ಬಿಲ್ ಕೊಟ್ಟು ಹೋಗುತ್ತಿದ್ದರು. ಈಗ ಸಂಘವೇ ಇಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡಿದೆ.

ನೀವೂ ಮಾಡುವುದಾದರೆ ಮೊದಲು ಖಾಲಿ ಸೈಟುಗಳ ಪಟ್ಟಿ ಮಾಡಿ, ಮಾಲೀಕರ ಒಪ್ಪಿಗೆ ಬರೆಸಿಕೊಳ್ಳಿ. ಇದೇ ಜಾಸ್ತಿ ತಲೆನೋವು, ಅರ್ಧ ಜನ ಫೋನೇ ಎತ್ತುವುದಿಲ್ಲ. ಗುದ್ದಲಿ, ಕುಡುಗೋಲು, ಗಂಬೂಟು, ಗ್ಲೌಸ್, ಮಾಸ್ಕ್ ಸಂಘದ ದುಡ್ಡಲ್ಲೇ ಕೊಡಿಸಿ.

ಇಲ್ಲಿ ದೊಡ್ಡ ಕಾಟ ಪಾರ್ಥೇನಿಯಂದು, ಅದೇ ಕಾಂಗ್ರೆಸ್ ಗಿಡ. ಒಂದೇ ಗಿಡ ಸಾವಿರಾರು ಬೀಜ ಬಿಡುತ್ತದೆ, ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ, ಹಾಗಾಗಿ ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬರುವ ಮುಂಚೆಯೇ, ಬೇರು ಸಮೇತ ಕೀಳಿಸಬೇಕು. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟಿದ್ದರೆ ಬೇಡ, ಚೀಲದಲ್ಲಿ ಕಟ್ಟಿ ಬೇರೆ ಇಡಿ. ಬೆಂಕಿಯಂತೂ ಹಚ್ಚಲೇಬೇಡಿ. ಎಲೆ ಮೇಲೆ ಪಟ್ಟೆ ಪಟ್ಟೆಯ ಪುಟ್ಟ ಜೀರುಂಡೆ ಕಂಡರೆ ಔಷಧಿ ಹೊಡೆಯಬೇಡಿ, ಈ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಹುಳ ಅದು.

ಒಂದು ಸಲ ಕಿತ್ತರೆ ಮುಗಿಯಲಿಲ್ಲ ಅಲ್ವಾ, ಮೊಳೆತ ತಿಂಗಳಿಗೆಲ್ಲ ಮತ್ತೆ ಹೂ ಬರುತ್ತದೆ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಅದೇ ಸೈಟಿಗೆ ಕಳಿಸಿ.