ಹತ್ತರಿಯಿಂದ ಏಳುವ ಸುರುಳಿ: ಮರಗೆಲಸದ ಮೊದಲ ಸಂತೋಷವನ್ನು ಪಡೆಯುವ ಬಗೆ

ಮರಗೆಲಸವನ್ನು ಹವ್ಯಾಸವಾಗಿ ಹಚ್ಚಿಕೊಂಡವರನ್ನು ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹಿತವೆನಿಸುವುದು ಯಾವುದು ಎಂದು ಕೇಳಿದಾಗ, ತಾವು ಮಾಡಿ ಮುಗಿಸಿದ ಮಣೆಯನ್ನೋ ಮೇಜನ್ನೋ ತೋರಿಸಿದವರು ನನಗೆ ಸಿಕ್ಕಿದ್ದು ಕಡಿಮೆ. ಮುಗಿದ ವಸ್ತುವಿನಲ್ಲಿ ಅವರ ಕಣ್ಣಿಗೆ ಮೊದಲು ಬೀಳುವುದು ತಾವು ಮಾಡಿದ ತಪ್ಪುಗಳೇ. ಅವರು ನೆನೆಯುವುದು ಬೇರೊಂದನ್ನು: ಮರವನ್ನು ಕೀಸಿ ನುಣುಪು ಮಾಡುವ ಹರಿತವಾದ ಹತ್ತರಿಯು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತಡೆಯಿಲ್ಲದೆ ಸಾಗಿ, ಕಾಗದಕ್ಕಿಂತ ತೆಳುವಾದ ಒಂದೇ ಸುರುಳಿಯನ್ನು ಎತ್ತಿ ಕೈಮೇಲೆ ಚೆಲ್ಲುವ ಗಳಿಗೆಯನ್ನು. ಅದಕ್ಕೆ ವರ್ಷಗಳ ಅಭ್ಯಾಸ ಬೇಕಾಗಿಲ್ಲ, ಒಂದು ಭಾನುವಾರ ಸಾಕು. ಆದರೆ ಆ ಭಾನುವಾರದ ಮುಕ್ಕಾಲು ಪಾಲನ್ನು ಮರವನ್ನು ಮುಟ್ಟದೆ, ಅಲಗನ್ನು ಮಸೆಯುವುದರಲ್ಲೇ ಕಳೆಯಬೇಕಾಗುತ್ತದೆ. ನಾನು ಕಂಡಂತೆ, ಈ ಹವ್ಯಾಸವನ್ನು ಅರ್ಧಕ್ಕೆ ಬಿಟ್ಟವರ ಅಟ್ಟದಲ್ಲಿ ಬಿದ್ದಿರುವ ಹತ್ತರಿಯ ಅಲಗು ಒಮ್ಮೆಯೂ ಮಸೆಗಲ್ಲನ್ನು ಕಂಡಿರುವುದಿಲ್ಲ.

ಹತ್ತರಿಗೆ ಉಜ್ಜುಗೊರಡು, ಕೀಸುಳಿ ಎಂಬ ಹೆಸರುಗಳೂ ಇವೆ; ಹಾರ್ಡ್‌ವೇರ್ ಅಂಗಡಿಗಳಲ್ಲಿ ರಂದಾ ಎಂದರೂ ತಿಳಿಯುತ್ತದೆ. ಮರದ ಗೊರಡಿನ ಹತ್ತರಿಯಲ್ಲಿ ಅಲಗನ್ನು ಬೆಣೆಯಿಂದ ಬಿಗಿದಿರುತ್ತಾರೆ. ಅಲಗಿನ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಅದು ಮುಂದಕ್ಕೆ ಬರುತ್ತದೆ, ಗೊರಡಿನ ಹಿಂಬದಿಗೆ ತಟ್ಟಿದರೆ ಹಿಂದಕ್ಕೆ ಸರಿಯುತ್ತದೆ. ಈ ತಟ್ಟುವ ಹದ ಬರಲು ಕಾಲ ಹಿಡಿಯುವುದರಿಂದ, ಹೊಸಬರು ತಿರುಪಿನಿಂದ ಅಲಗನ್ನು ಹೊಂದಿಸುವ ಕಬ್ಬಿಣದ ಹತ್ತರಿಯನ್ನು ಕೊಳ್ಳುವುದು ಒಳ್ಳೆಯದು. ಈ ಮಾದರಿಯನ್ನು ಅಮೆರಿಕದ ಲಿಯೊನಾರ್ಡ್ ಬೈಲಿ 19ನೇ ಶತಮಾನದಲ್ಲಿ ರೂಪಿಸಿದರು. 1869ರಲ್ಲಿ ಅವರ ವಹಿವಾಟನ್ನು ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಅಂದಿನಿಂದ ಇಂದಿನವರೆಗೆ ಇದರ ರಚನೆ ಹೆಚ್ಚು ಬದಲಾಗಿಲ್ಲವಾದ್ದರಿಂದ ಹಳೆಯದನ್ನು ಕೊಂಡರೂ ನಷ್ಟವಿಲ್ಲ. 4ನೇ ನಂಬರಿನದು, ಅಂದರೆ ಸುಮಾರು 9 ರಿಂದ 10 ಅಂಗುಲ ಉದ್ದ ಮತ್ತು 2 ಅಂಗುಲ ಅಗಲದ ಅಲಗಿನದು, ಮೊದಲ ಹತ್ತರಿಯಾಗಿ ತಕ್ಕುದು. ಗುಜರಿಯಲ್ಲಿ ಆರಿಸುವಾಗ ತುಕ್ಕನ್ನು ಕಂಡು ಹೆದರಬೇಡಿ, ತಳದಲ್ಲಿ ಬಿರುಕಿದ್ದರೆ ಮಾತ್ರ ಬಿಟ್ಟುಬಿಡಿ.

ಮರದ ಆಯ್ಕೆಯಲ್ಲಿ ಒಂದು ಕಿವಿಮಾತಿದೆ. ಹೊಸಬರೆಲ್ಲ ಅಗಲವಾದ ಹಲಗೆಯನ್ನು ಎದುರಿಗಿಟ್ಟುಕೊಂಡು ಸೋಲುತ್ತಾರೆ. ಒಂದೂವರೆ ಅಂಗುಲ ಅಗಲ, ಒಂದೂವರೆ ಅಡಿ ಉದ್ದದ ರೀಪನ್ನು ತೆಗೆದುಕೊಳ್ಳಿ. ಅದು ಅಲಗಿಗಿಂತ ಕಿರಿದಾಗಿರುವುದರಿಂದ ಪೂರ್ಣ ಅಗಲದ ಸುರುಳಿ ಬೇಗ ಸಿಗುತ್ತದೆ. ಸಾಮಿಲ್ಲಿನಲ್ಲೋ ಬಾಗಿಲು ಮಾಡುವವರ ಬಳಿಯೋ ಬೀಳುವ ತೇಗದ ತುಂಡು ಸಾಕು. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಅದು ಅಲಗನ್ನು ಬೇಗ ಮೊಂಡಾಗಿಸುತ್ತದೆ ಎಂಬುದು ನಿಜ, ಆದರೂ ನೇರ ಎಳೆಯ ತೇಗ ಹತ್ತರಿಗೆ ಚೆನ್ನಾಗಿ ಒಗ್ಗುತ್ತದೆ. ಹಲಸು ಇನ್ನೂ ಸೊಗಸು, ಹೊಸದಾಗಿ ಕೀಸಿದಾಗ ಅರಿಸಿನದಂತೆ ಹಳದಿಯಾಗಿದ್ದು ಬೆಳಕಿಗೆ ಮೆಲ್ಲಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಬೀಟೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅದನ್ನು ಮೊದಲ ದಿನ ಮುಟ್ಟಬೇಡಿ. ಪ್ಲೈವುಡ್ಡನ್ನಂತೂ ಹತ್ತರಿಯ ಹತ್ತಿರಕ್ಕೂ ತರಬೇಡಿ, ಅದರೊಳಗಿನ ಅಂಟು ಅಲಗನ್ನು ತಿಂದುಹಾಕುತ್ತದೆ. ಹಳೆಯ ಬಾಗಿಲಿನ ಮರವಾದರೆ ಒಳಗೆ ಮುರಿದ ಮೊಳೆಯಿದೆಯೇ ಎಂದು ಅಯಸ್ಕಾಂತವನ್ನು ಆಡಿಸಿ ನೋಡಿಕೊಳ್ಳಬೇಕು.

ಇನ್ನು ಮಸೆಯುವ ಕೆಲಸ. ಅಂಗಡಿಯಿಂದ ತಂದ ಹೊಸ ಅಲಗು ಹರಿತವಾಗಿರುತ್ತದೆ ಎಂಬ ನಂಬಿಕೆಯಲ್ಲಿ ನಾನು ಮೂರು ವಾರ ಮರವನ್ನು ಕೆರೆದಿದ್ದೇನೆ. ಬಂದದ್ದು ಸುರುಳಿಯಲ್ಲ, ಕೊಬ್ಬರಿ ತುರಿಯಂಥ ಪುಡಿ. ಹೊಸ ಅಲಗಿನ ಮೇಲೆ ಕಾರ್ಖಾನೆಯ ಗೀರುಗಳಿರುತ್ತವೆ, ಆ ಗೀರುಗಳು ಅಂಚನ್ನು ತಲುಪಿದ ಕಡೆಯಲ್ಲೆಲ್ಲ ಅಂಚು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ಆದ್ದರಿಂದ ಮೊದಲು ಮಸೆಯಬೇಕಾದದ್ದು ಅಲಗಿನ ಚಪ್ಪಟೆ ಬೆನ್ನನ್ನು, ಅದೂ ಅಂಚಿನ ಬಳಿಯ ಒಂದು ಸೆಂಟಿಮೀಟರಿನಷ್ಟನ್ನು ಮಾತ್ರ. ದುಬಾರಿ ಕಲ್ಲುಗಳು ಬೇಕಿಲ್ಲ. ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ನುಣುಪಾದ ಗ್ರಾನೈಟ್ ತುಂಡು ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಮೇಲೆ ನೀರು ಹಾಕಿ ಉಜ್ಜುವ ಬಗೆಯ ಮರಳುಕಾಗದವನ್ನು ಒದ್ದೆ ಮಾಡಿ ಅಂಟಿಸಿ, 220, 400, 800, 1500 ಎಂಬ ನಂಬರುಗಳ ಕ್ರಮದಲ್ಲಿ, ಅಂದರೆ ಒರಟು ಕಾಗದದಿಂದ ನುಣುಪಿನ ಕಾಗದದತ್ತ, ಉಜ್ಜುತ್ತ ಹೋಗಿ. ಬೆನ್ನಿನ ಅಂಚಿನಲ್ಲಿ ಕಿಟಕಿಯ ಸರಳುಗಳ ಪ್ರತಿಬಿಂಬ ಕಾಣುವಂತಾದರೆ ಆ ಬದಿ ಮುಗಿಯಿತು. ಇದನ್ನು ಒಂದು ಸಲ ಮಾಡಿದರೆ ಸಾಕು.

ಬಳಿಕ ಇಳಿಜಾರಿನ ಬದಿ. ಸಾಮಾನ್ಯವಾಗಿ ಇದನ್ನು 25 ಡಿಗ್ರಿಗೆ ಇಳಿಸಿ, ತುದಿಯಲ್ಲಿ ಮಾತ್ರ 30 ಡಿಗ್ರಿಗೆ ಮಸೆಯುತ್ತಾರೆ. ಕೋನಮಾಪಕವಿಲ್ಲದೆ ಅಳೆಯಲು ಸುಲಭದ ದಾರಿಯೆಂದರೆ, ಅಲಗಿನ ದಪ್ಪ 2 ಮಿಲಿಮೀಟರಿದ್ದು ಇಳಿಜಾರಿನ ಉದ್ದ 4.7 ಮಿಲಿಮೀಟರಿದ್ದರೆ ಅದು 25 ಡಿಗ್ರಿ, ಸರಿಯಾಗಿ ಎರಡು ಪಟ್ಟು, ಅಂದರೆ 4 ಮಿಲಿಮೀಟರಿದ್ದರೆ 30 ಡಿಗ್ರಿ. ಇಳಿಜಾರನ್ನು ಕಾಗದದ ಮೇಲೆ ಪೂರ್ತಿ ಕೂರಿಸಿ, ಹಿಂಬದಿಯನ್ನು ಕೂದಲೆಳೆಯಷ್ಟು ಎತ್ತಿ, ನಿಮ್ಮ ಕಡೆಗೆ ಎಳೆಯಿರಿ. ಮುಂದಕ್ಕೆ ನೂಕಿದರೆ ಅಂಚು ಕಾಗದವನ್ನು ಸೀಳುತ್ತದೆ. ಎಂಟು ಹತ್ತು ಸಲ ಎಳೆದ ಮೇಲೆ ಬೆನ್ನಿನ ಕಡೆಯಿಂದ ಅಂಚಿನತ್ತ ಬೆರಳನ್ನು ಮೆಲ್ಲಗೆ ಸವರಿದರೆ, ತಂತಿಯಂಥ ಒಂದು ಸಣ್ಣ ತಡೆ ಬೆರಳಿಗೆ ತಾಗಬೇಕು. ಅದು ಈ ತುದಿಯಿಂದ ಆ ತುದಿಯವರೆಗೂ ತಾಗುವವರೆಗೆ ಮುಂದಿನ ಕಾಗದಕ್ಕೆ ಹೋಗಬಾರದು. ಇಡೀ ಮಸೆಯುವಿಕೆಯಲ್ಲಿ ಪಾಲಿಸಲೇಬೇಕಾದ ನಿಯಮವೆಂದರೆ ಇದೊಂದೇ, ತಾಳ್ಮೆಗೆಟ್ಟವರು ತಪ್ಪುವುದೂ ಇಲ್ಲೇ. ಕೊನೆಯ ಕಾಗದದಲ್ಲಿ ಬೆನ್ನನ್ನು ಚಪ್ಪಟೆಯಾಗಿಟ್ಟು ಒಮ್ಮೆ ಎಳೆದು ಆ ತಂತಿಯನ್ನು ಕಳೆದು, ಹಳೆಯ ತೊಗಲಿನ ಬೆಲ್ಟಿನ ಒಳಬದಿಯ ಮೇಲೆ ಎರಡೂ ಕಡೆ ಸವರಿ. ಕೈಯಲ್ಲಿ ಹಿಡಿದ ದಿನಪತ್ರಿಕೆಯ ಹಾಳೆಯನ್ನು ಅಲಗು ಸದ್ದಿಲ್ಲದೆ ಸೀಳಬೇಕು. ಬೇಗ ಮುಗಿಯಲೆಂದು ಕರೆಂಟಿನ ಸಾಣೆ ಯಂತ್ರಕ್ಕೆ ಹಿಡಿದರೆ ಅಲಗು ಕಾದು ನೀಲಿಗಟ್ಟುತ್ತದೆ. ನೀಲಿಯಾದ ಉಕ್ಕಿನ ಹದ ಹೋಗಿರುವುದರಿಂದ ಅಂಚು ನಿಲ್ಲುವುದಿಲ್ಲ, ಆ ಭಾಗವನ್ನು ಪೂರ್ತಿ ಸವೆಸಿ ತೆಗೆಯಬೇಕಾಗುತ್ತದೆ.

ಕಬ್ಬಿಣದ ಹತ್ತರಿಯಲ್ಲಿ ಅಲಗಿನ ಚಪ್ಪಟೆ ಬದಿ ಮೇಲಕ್ಕೂ ಇಳಿಜಾರು ಕೆಳಕ್ಕೂ ಇರಬೇಕು. ಚಪ್ಪಟೆ ಬದಿಯ ಮೇಲೆ ತಿರುಪಿನಿಂದ ಬಿಗಿಯುವ ಇನ್ನೊಂದು ಪಟ್ಟಿಯಿರುತ್ತದೆ. ಎದ್ದು ಬರುವ ಸುರುಳಿಯನ್ನು ಬೇಗನೆ ಮಡಿಸಿ, ಮರ ಕಿತ್ತುಬರದಂತೆ ತಡೆಯುವುದು ಅದರ ಕೆಲಸ. ಅದನ್ನು ಅಂಚಿನಿಂದ ಒಂದು ಮಿಲಿಮೀಟರ್ ಹಿಂದಕ್ಕೆ ಬಿಗಿಯಿರಿ; ಕೈ ಪಳಗಿದ ಮೇಲೆ, ಹಟಮಾರಿ ಮರಕ್ಕೆ ಅರ್ಧ ಮಿಲಿಮೀಟರಿಗೂ ತರಬಹುದು. ಈ ಪಟ್ಟಿಗೂ ಅಲಗಿಗೂ ನಡುವೆ ಬೆಳಕು ತೂರುವಂತಿದ್ದರೆ ಸಿಪ್ಪೆ ಅಲ್ಲಿ ಸಿಕ್ಕಿಕೊಂಡು ಹತ್ತರಿಯ ಬಾಯಿ ಕಟ್ಟುತ್ತದೆ. ಅನಂತರ ಹತ್ತರಿಯನ್ನು ತಲೆಕೆಳಗಾಗಿ ಹಿಡಿದು, ತಳದ ಉದ್ದಕ್ಕೂ ಕಣ್ಣು ಹಾಯಿಸುತ್ತ, ಅಲಗು ಪೂರ್ತಿ ಮರೆಯಾಗುವವರೆಗೆ, ಅದನ್ನು ಹೊಂದಿಸುವ ಹಿತ್ತಾಳೆ ತಿರುಪಿನಿಂದ ಹಿಂದಕ್ಕೆ ತಂದುಬಿಡಿ. ಈಗ ಮರದ ಮೇಲೆ ಬರಿದೇ ಓಡಿಸುತ್ತ, ಒಂದೊಂದು ಓಟಕ್ಕೂ ತಿರುಪನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಿರುಗಿಸಿ. ಅಲಗು ಮರವನ್ನು ಹಿಡಿಯಿತೆಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಸಿಪ್ಪೆ ಒಂದೇ ಪಕ್ಕದಲ್ಲಿ ಬರುತ್ತಿದ್ದರೆ ಅಲಗಿನ ಹಿಂದಿರುವ ಸಣ್ಣ ಕೈಯನ್ನು ಆಚೆಈಚೆ ಸರಿಸಿ ಸಮ ಮಾಡಿಕೊಳ್ಳಿ.

ಕೀಸುವ ಮೊದಲು ಮರದ ಎಳೆಯನ್ನು ಓದಬೇಕು. ರೀಪಿನ ಪಕ್ಕದ ಮುಖವನ್ನು ನೋಡಿದರೆ ಎಳೆಗಳು ಯಾವ ಕಡೆಗೆ ಏರುತ್ತವೆ ಎಂಬುದು ಕಾಣುತ್ತದೆ. ಅವು ಏರುವ ದಿಕ್ಕಿನಲ್ಲೇ ಹತ್ತರಿ ಸಾಗಬೇಕು. ಹಸುವಿನ ಮೈ ಸವರುವುದೂ ಇದೂ ಒಂದೇ, ಕೂದಲಿನ ಜಾಡಿನಲ್ಲಿ ಕೈಯಾಡಿಸಿದರೆ ನುಣುಪು, ಎದುರಾಗಿ ಆಡಿಸಿದರೆ ರೋಮ ನಿಮಿರುತ್ತದೆ. ಮರ ಚೂರುಚೂರಾಗಿ ಕಿತ್ತುಬರತೊಡಗಿದರೆ ಬಲ ಹೆಚ್ಚಿಸಬೇಡಿ, ರೀಪನ್ನು ತಿರುಗಿಸಿಡಿ. ಗಂಟಿನ ಸುತ್ತ ಎಳೆಯ ದಿಕ್ಕು ಬದಲಾಗುವುದರಿಂದ ಅಲ್ಲಿ ಹತ್ತರಿಯನ್ನು ಕೊಂಚ ಓರೆಯಾಗಿ ಹಿಡಿಯುವುದು ವಾಡಿಕೆ.

ಗಟ್ಟಿಯಾದ ಮೇಜಿಗೆ ರೀಪಿಗಿಂತ ತೆಳುವಾದ ಒಂದು ಪಟ್ಟಿಯನ್ನು ಅಡ್ಡಲಾಗಿ ಹೊಡೆದು, ಅದಕ್ಕೆ ರೀಪನ್ನು ಆನಿಸಿಡಿ. ನೆಲದ ಮೇಲೆ ಕುಳಿತು, ಪಾದವನ್ನೇ ತಡೆಯಾಗಿ ಒಡ್ಡಿ ಕೀಸುವ ಬಡಗಿಗಳನ್ನು ನಾವೆಲ್ಲ ನೋಡಿದ್ದೇವೆ. ಆ ಭಂಗಿಗೆ ಸೊಂಟ ಒಗ್ಗಿರಬೇಕು. ಮೇಣದಬತ್ತಿಯಿಂದ ಹತ್ತರಿಯ ತಳಕ್ಕೆ ಎರಡು ಗೀಟೆಳೆಯಿರಿ, ಅರ್ಧದಷ್ಟು ಶ್ರಮ ಅಲ್ಲೇ ಉಳಿಯುತ್ತದೆ. ಓಟದ ಆರಂಭದಲ್ಲಿ ಭಾರ ಮುಂದಿನ ಹಿಡಿಯ ಮೇಲಿರಲಿ, ನಡುವೆ ಎರಡರ ಮೇಲೂ ಸಮವಾಗಿರಲಿ, ಕೊನೆಯಲ್ಲಿ ಹಿಂದಿನ ಹಿಡಿಗೆ ಜಾರಲಿ; ಹೀಗೆ ಮಾಡದಿದ್ದರೆ ರೀಪಿನ ಎರಡು ತುದಿಗಳೂ ತಗ್ಗಾಗುತ್ತವೆ. ತೋಳಿನಿಂದ ನೂಕದೆ, ಕಾಲೂರಿ ಇಡೀ ಮೈಯಿಂದ ಸಾಗಬೇಕು. ಜಪಾನಿನ ಬಡಗಿಗಳು ಇದಕ್ಕೆ ವಿರುದ್ಧವಾಗಿ ಹತ್ತರಿಯನ್ನು ತಮ್ಮ ಕಡೆಗೆ ಎಳೆಯುತ್ತಾರೆ, ಅವರಲ್ಲಿಯೂ ಮೈಯೇ ಕೆಲಸ ಮಾಡುತ್ತದೆ. ಮೊದಲ ಹತ್ತು ಓಟಗಳಲ್ಲಿ ತುಂಡು ತುಂಡಾದ ಸಿಪ್ಪೆ ಬರುತ್ತದೆ, ಏಕೆಂದರೆ ಮರದ ಉಬ್ಬುಗಳು ಮಾತ್ರ ಅಲಗಿಗೆ ಸಿಗುತ್ತಿರುತ್ತವೆ. ಉಬ್ಬುಗಳು ಇಳಿದಂತೆ ಸದ್ದು ಬದಲಾಗುತ್ತದೆ. ಕಟಕಟ ಎನ್ನುತ್ತಿದ್ದದ್ದು ರೇಷ್ಮೆ ಸೀರೆಯನ್ನು ಬಿಡಿಸಿದಂತೆ ಸರ್ರನೆ ಹರಿಯುತ್ತದೆ, ಹತ್ತರಿಯ ಬಾಯಿಂದ ಒಂದೂವರೆ ಅಡಿಯ ಸುರುಳಿ ಎದ್ದು ಬೆರಳುಗಳ ಮೇಲೆ ಬೀಳುತ್ತದೆ. ಅದನ್ನು ಬಿಡಿಸಿ ಪತ್ರಿಕೆಯ ಮೇಲೆ ಹಾಸಿ ನೋಡಿ. ಕೆಳಗಿನ ತಲೆಬರಹ ಮಸುಕಾಗಿಯಾದರೂ ಕಂಡರೆ ನಿಮ್ಮ ಅಲಗು ನಿಜಕ್ಕೂ ಹರಿತವಾಗಿದೆ. ಇದರಲ್ಲಿ ಧೂಳಿಲ್ಲ, ಯಂತ್ರದ ಗದ್ದಲವಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ರಾತ್ರಿ ಒಂಬತ್ತಕ್ಕೂ ಕೀಸಬಹುದು.

ಹೀಗೆ ಕೀಸಿದ ಮುಖವನ್ನು ಮರಳುಕಾಗದದಿಂದ ಉಜ್ಜಬೇಡಿ. ಮರಳುಕಾಗದವು ಎಳೆಗಳನ್ನು ಗೀಚಿ ಆ ಗೀರುಗಳಲ್ಲಿ ಹೊಟ್ಟನ್ನು ತುಂಬುತ್ತದೆ, ಹತ್ತರಿ ಎಳೆಗಳನ್ನು ಶುದ್ಧವಾಗಿ ಕತ್ತರಿಸುತ್ತದೆ. ಆದ್ದರಿಂದಲೇ ಪಾಲಿಶ್ ಹಾಕುವ ಮೊದಲೇ ಮರದಲ್ಲಿ ಹೊಳಪು ಕಾಣುತ್ತದೆ. ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿದರೆ ಸಾಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಕಾವು ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಅದರ ಹತ್ತಿರ ಸುರುಳಿಗಳ ರಾಶಿ ಇರದಂತೆ ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ಅಲಗನ್ನು ತಳದೊಳಕ್ಕೆ ಸರಿಸಿ, ಸಿಪ್ಪೆಯನ್ನು ಕೊಡವಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಬಟ್ಟೆಯಿಂದ ಕಬ್ಬಿಣವನ್ನೆಲ್ಲ ಒರೆಸಿಡಬೇಕು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದಲ್ಲಿ ಇದನ್ನು ವಾರಕ್ಕೊಮ್ಮೆ ಮಾಡದಿದ್ದರೆ, ಆಷಾಢ ಕಳೆಯುವುದರೊಳಗೆ ಮತ್ತೆ 220ರ ಕಾಗದದಿಂದಲೇ ಶುರುಮಾಡಬೇಕಾದೀತು.