ರಿಪೋರ್ಟ್ ಸರಿ ಬರಬೇಕಾದರೆ ರಕ್ತ ಸರಿಯಾಗಿ ತೆಗೀಬೇಕು

ಲ್ಯಾಬ್ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಬ್ಬ ಅಮ್ಮನಿಗೆ ನರ ಸಿಗಲೇ ಇಲ್ಲ, ಎರಡು ಕಡೆ ಚುಚ್ಚಿ ಹೇಗೋ ಮೂರು ಎಂಎಲ್ ರಕ್ತ ತೆಗೆದೆ. ನೇರಳೆ ಮುಚ್ಚಳದ ಟ್ಯೂಬು ತುಂಬಿತು, ಕೆಂಪು ಟ್ಯೂಬಿಗೆ ಕಮ್ಮಿ ಬಿತ್ತು. ಇನ್ನೊಂದು ಸಲ ಚುಚ್ಚೋಕೆ ಮನಸ್ಸಾಗಲಿಲ್ಲ. ಎರಡೂ ಅವರದ್ದೇ ರಕ್ತ ತಾನೇ ಅಂದುಕೊಂಡು ನೇರಳೆಯಿಂದ ಒಂದಿಷ್ಟು ಕೆಂಪಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಮೆಷಿನ್ನಿನಲ್ಲಿ ಪೊಟ್ಯಾಸಿಯಂ 9 ದಾಟಿತ್ತು, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿತ್ತು. ಡಾಕ್ಟರು ಗಾಬರಿಯಿಂದ ಓಡಿ ಬಂದರು. ಆ ಅಮ್ಮ ನೋಡಿದರೆ ಕ್ಯಾಂಟೀನಿನಲ್ಲಿ ಕೂತು ಆರಾಮಾಗಿ ಇಡ್ಲಿ ತಿನ್ನುತ್ತಿದ್ದರು.

ಆಗಿದ್ದು ಇಷ್ಟೇ. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಅನ್ನೋ ಲವಣ ಇರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ, ಜೊತೆಗೆ ಅದರಲ್ಲೇ ಪೊಟ್ಯಾಸಿಯಂ ಕೂಡ ಇರುತ್ತದೆ. ಮೆಷಿನ್ನಿನ ತಪ್ಪೇನೂ ಇಲ್ಲ, ನಾನು ಕೊಟ್ಟಿದ್ದನ್ನು ಅಳೆದು ಹೇಳಿತು. ಮತ್ತೆ ರಕ್ತ ತೆಗೆದು ನೋಡಿದಾಗ ಎರಡೂ ನಾರ್ಮಲ್. ಬೈಗುಳ ತಿಂದಿದ್ದು ಬೇರೆ ವಿಷಯ.

ಹೊಸದಾಗಿ ಡಿಎಂಎಲ್‌ಟಿ, ಅಂದರೆ ಲ್ಯಾಬ್ ಕೆಲಸದ ಡಿಪ್ಲೊಮಾ ಮುಗಿಸಿ ಸೂಜಿ ಹಿಡಿಯುತ್ತಿರುವ ಹುಡುಗರಿಗೂ, ವಾಟ್ಸಾಪಿನಲ್ಲಿ ರಿಪೋರ್ಟ್ ಬಂದ ತಕ್ಷಣ ದಪ್ಪ ಅಕ್ಷರ ನೋಡಿ ಹೆದರುವವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಹುಡುಗರೇ, ಓದಿದ್ದು ಸಾಲದು, ಮೊದಮೊದಲು ಪಕ್ಕದಲ್ಲಿ ಕೆಲಸ ಬಲ್ಲವರು ನಿಂತಿರಲೇಬೇಕು.

ಮೊದಲು ಹೆಸರು. "ನೀವು ಸಾವಿತ್ರಮ್ಮ ಅಲ್ವಾ?" ಅಂತ ಕೇಳಬೇಡಿ. ಕಿವಿ ಮಂದ ಇದ್ದವರು, ಕಾದು ಸುಸ್ತಾದವರು ಏನು ಕೇಳಿದರೂ ಹೂಂ ಅಂದುಬಿಡುತ್ತಾರೆ. "ಅಮ್ಮಾ, ನಿಮ್ಮ ಹೆಸರು ಹೇಳಿ" ಅಂತ ಅವರ ಬಾಯಿಂದಲೇ ಹೇಳಿಸಿ. ರಕ್ತ ತೆಗೆದ ಮೇಲೆ ಅವರು ಕುರ್ಚಿಯಿಂದ ಏಳುವ ಮೊದಲೇ ಟ್ಯೂಬಿಗೆ ಲೇಬಲ್ ಹಾಕಿ. ಹಿಂದೆ ಯಾವಾಗಾದರೂ ರಕ್ತ ಕೊಡುವಾಗ ತಲೆ ಸುತ್ತಿ ಬಿದ್ದಿದ್ದರೆ ಮಲಗಿಸಿಯೇ ತೆಗೆಯಿರಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರಾ ಅಂತಲೂ ಕೇಳಿ, ಅಂಥವರಿಗೆ ಆಮೇಲೆ ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ಖಾಲಿ ಹೊಟ್ಟೆ ಶುಗರ್ ಅಂದರೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು, ಕುಡಿದಿದ್ದರೆ ನರ ಸಿಗೋದೂ ಸುಲಭ. "ಬರೀ ಒಂದ್ಲೋಟ ಕಾಫಿ ಅಷ್ಟೇ" ಅನ್ನುವವರು ದಿನಕ್ಕೆ ಒಬ್ಬರಾದರೂ ಬರುತ್ತಾರೆ. ಕಾಫಿ ಕುಡಿದರೆ ಅದು ಖಾಲಿ ಹೊಟ್ಟೆ ಅಲ್ಲ ಸ್ವಾಮಿ, ನಾಳೆ ಬನ್ನಿ.

ಟೂರ್ನಿಕೆಟ್ ಪಟ್ಟಿಯನ್ನು ಚುಚ್ಚುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ ಕಟ್ಟಿ. ಆಮೇಲೆ ಕಣ್ಣಿಗಿಂತ ಬೆರಳನ್ನು ನಂಬಿ. ಒತ್ತಿದರೆ ಸ್ಪಂಜಿನ ಹಾಗೆ ಪುಟಿಯುವುದು ನಮಗೆ ಬೇಕಾದ ನರ. ನಾಡಿಯ ಹಾಗೆ ಮಿಡಿಯುತ್ತಿದ್ದರೆ ಅದು ಅಪಧಮನಿ, ಅದರ ತಂಟೆಗೆ ಹೋಗಬೇಡಿ. ಮೊಣಕೈ ಮಡಚುವ ಕಡೆ ನಡುವೆ ಇರುವುದು ಮೊದಲ ಆಯ್ಕೆ, ಹೆಬ್ಬೆರಳಿನ ಬದಿಯದ್ದು ಎರಡನೆಯದು, ಕಿರುಬೆರಳಿನ ಬದಿಯದ್ದು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಯಾಕಂದರೆ ಅದರ ಹತ್ತಿರವೇ ಅಪಧಮನಿಯೂ ನೋವಿನ ನರವೂ ಹಾದು ಹೋಗುತ್ತವೆ. ಡ್ರಿಪ್ ಹೋಗುತ್ತಿರುವ ಕೈ, ಡಯಾಲಿಸಿಸ್‌ಗೆ ಫಿಸ್ಟುಲಾ (ಅಪಧಮನಿಗೂ ನರಕ್ಕೂ ಜೋಡಣೆ) ಮಾಡಿದ ಕೈ, ಸ್ತನದ ಆಪರೇಷನ್ ಆದ ಬದಿಯ ಕೈ ಮುಟ್ಟಬೇಡಿ.

ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ನರ ಹುಡುಕುತ್ತಾ ಹೊತ್ತಾದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿ. "ಮುಷ್ಟಿ ಬಿಚ್ಚಿ, ಮುಚ್ಚಿ, ಬಿಚ್ಚಿ, ಮುಚ್ಚಿ" ಅಂತ ಹತ್ತು ಸಲ ಮಾಡಿಸುವುದು ಹಳೆ ಚಾಳಿ, ಅದರಿಂದಲೇ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತದೆ. ಒಂದು ಸಲ ಮುಷ್ಟಿ ಹಿಡಿದರೆ ಸಾಕು.

ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಅರ್ಧ ನಿಮಿಷ ಒಣಗಲು ಬಿಡಿ. ಊದಬೇಡಿ. ಒರೆಸಿದ ಮೇಲೆ ಮತ್ತೆ ಬೆರಳಿಟ್ಟು ನೋಡಬೇಡಿ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕೆಂಪು ಕಣಗಳೂ ಒಡೆಯಬಹುದು. ದೊಡ್ಡವರಿಗೆ 21 ಗೇಜ್ ಸೂಜಿ, ಸಣ್ಣ ನರದವರಿಗೆ 23ರ ಬಟರ್‌ಫ್ಲೈ. ಸೂಜಿಯ ಓರೆ ಬಾಯಿ ಮೇಲೆ ಇರಲಿ, 15ರಿಂದ 30 ಡಿಗ್ರಿ ಓರೆಯಲ್ಲಿ ಒಂದೇ ಏಟಿಗೆ ಒಳಗೆ ಹೋಗಲಿ. ವಯಸ್ಸಾದವರ ನರ ಜಾರುತ್ತದೆ, ಸೂಜಿ ಹೋದ ಕಡೆಯಿಂದ ಆಚೆ ಸರಿಯುತ್ತದೆ. "ಅಜ್ಜಾ, ಕೈ ನೆಟ್ಟಗೆ ಇಟ್ಕೊಳ್ಳಿ" ಅಂತ ಹೇಳಿ, ಚುಚ್ಚುವ ಜಾಗದ ಕೆಳಗೆ ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದುಕೊಂಡರೆ ನರ ಅಲ್ಲೇ ನಿಲ್ಲುತ್ತದೆ. ಕರೆಂಟ್ ಹೊಡೆದ ಹಾಗೆ ಕೈಯುದ್ದಕ್ಕೂ ನೋವು ಹೋಯಿತು ಅಂದರೆ ಆ ಕ್ಷಣವೇ ಸೂಜಿ ಹೊರಗೆ ತೆಗೆಯಿರಿ. ಎರಡು ಸಲ ಸಿಗದಿದ್ದರೆ ಬೇರೆಯವರನ್ನು ಕರೆಯಿರಿ, ಇದರಲ್ಲಿ ಮರ್ಯಾದೆ ಹೋಗೋದು ಏನೂ ಇಲ್ಲ.

ಟ್ಯೂಬುಗಳಿಗೂ ಸರದಿ ಇದೆ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಟೆಸ್ಟ್) ಇದ್ದರೆ ಅದು ಮೊದಲು. ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನನ್ನ ಇಡ್ಲಿ ಅಮ್ಮನ ಕಥೆ ನೆನಪಿದ್ದರೆ ನೇರಳೆ ಯಾಕೆ ಹಿಂದೆ ಅಂತ ಬೇರೆ ಹೇಳಬೇಕಿಲ್ಲ. ನೀಲಿ ಟ್ಯೂಬನ್ನು ಗೆರೆಯವರೆಗೆ ತುಂಬಲೇಬೇಕು, 9 ಪಾಲು ರಕ್ತಕ್ಕೆ 1 ಪಾಲು ಔಷಧಿಯ ಲೆಕ್ಕ ಅದು, ಕಮ್ಮಿ ಬಿದ್ದರೆ ರಕ್ತ ಹೆಪ್ಪುಗಟ್ಟುವ ಸಮಯ ತಪ್ಪು ಬರುತ್ತದೆ. ನೇರಳೆಯನ್ನು 8-10 ಸಲ ಮೆತ್ತಗೆ ತಲೆಕೆಳಗು ಮಾಡಿ. ಮಜ್ಜಿಗೆ ಕಡೆಯೋ ಹಾಗೆ ಅಲ್ಲಾಡಿಸಿದರೆ ಕಣಗಳು ಒಡೆದು ಸ್ಯಾಂಪಲ್ಲೇ ಕೆಡುತ್ತದೆ.

ಮೊದಲು ಪಟ್ಟಿ ಬಿಚ್ಚಿ, ಆಮೇಲೆ ಸೂಜಿ ತೆಗೆಯಿರಿ. ಹತ್ತಿ ಇಟ್ಟು ಕೈ ನೀಟಾಗಿ ಚಾಚಿಯೇ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ಎಲ್ಲರೂ ಕೈ ಮಡಚಿಕೊಂಡು ಹೋಗುತ್ತಾರೆ, ಮಾರನೇ ದಿನ ನೀಲಿಗಟ್ಟಿದೆ ಅಂತ ಬೈಯುತ್ತಾರೆ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಕಟರ್‌ನಲ್ಲಿ ಕತ್ತರಿಸಿ ಬಿಳಿ ಡಬ್ಬಿಗೆ ಹಾಕಿ. ನಿಮಗೇ ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಪ್ರಯೋಜನ ಇಲ್ಲ.

ಇನ್ನು ರಿಪೋರ್ಟು. ಪಕ್ಕದಲ್ಲಿ ಬರೆದಿರುವ ನಾರ್ಮಲ್ ಅಳತೆಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನರ ಲೆಕ್ಕ ಹಿಡಿದು ಮಾಡಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಐದು ಜನ ಅದರಾಚೆ ಇರುತ್ತಾರೆ. ಆಫರಿನಲ್ಲಿ ಸಿಕ್ಕಿತು ಅಂತ 60 ಟೆಸ್ಟಿನ ಪ್ಯಾಕೇಜ್ ಮಾಡಿಸಿದರೆ ಎರಡು ಮೂರರಲ್ಲಿ ದಪ್ಪ ಅಕ್ಷರ ಬರುವುದು ದೊಡ್ಡ ವಿಷಯವಲ್ಲ.

ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಲೆಕ್ಕದ ಟೆಸ್ಟಿನಲ್ಲಿ, ಮೊದಲು ಹಿಮೋಗ್ಲೋಬಿನ್ ನೋಡಿ. ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಯರಿಗೆ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಕಮ್ಮಿ ಇದ್ದರೆ ಅದೇ ಹಾಳೆಯಲ್ಲಿ ಎಂಸಿವಿ ನೋಡಿ, ಅದು ಕೆಂಪು ಕಣದ ಗಾತ್ರ. 80ಕ್ಕಿಂತ ಕೆಳಗಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ, ಕೆಲವರಲ್ಲಿ ಹುಟ್ಟಿನಿಂದಲೇ ಬರುವ ಥಲಸ್ಸೀಮಿಯಾ ಗುಣ. 100 ದಾಟಿದ್ದರೆ ಬಿ12 ಕಡೆ ಅನುಮಾನ.

ಡೆಂಗಿ ಬಂದಾಗ "ಬಿಳಿ ರಕ್ತಕಣ ಕಮ್ಮಿಯಾಗಿದೆ" ಅಂತ ಜನ ಹೇಳುವುದು ನಿಜವಾಗಿ ಪ್ಲೇಟ್‌ಲೆಟ್ ಬಗ್ಗೆ. ಎರಡೂ ಬೇರೆ ಬೇರೆ. ಬಿಳಿ ರಕ್ತಕಣ ಸೋಂಕಿನ ಜೊತೆ ಹೋರಾಡುತ್ತದೆ, 4 ಸಾವಿರದಿಂದ 11 ಸಾವಿರ ಇರಬೇಕು. ಪ್ಲೇಟ್‌ಲೆಟ್ ರಕ್ತ ನಿಲ್ಲಿಸುತ್ತದೆ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಮೈ ಬಿಸಿಯೇ ಇಲ್ಲದೆ, ಆರಾಮಾಗಿ ಇರುವವರಿಗೆ 40 ಸಾವಿರ ಅಂತ ಬಂದರೆ ಪರಂಗಿ ಎಲೆ ಹುಡುಕುವ ಮೊದಲು "ಸ್ಮಿಯರ್ ನೋಡಿದ್ದೀರಾ" ಅಂತ ಲ್ಯಾಬಿನವರನ್ನು ಕೇಳಿ. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಅಂಟಿಕೊಳ್ಳುತ್ತವೆ, ಮೆಷಿನ್ನಿಗೆ ಅವು ಲೆಕ್ಕಕ್ಕೆ ಸಿಗೋದಿಲ್ಲ. ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತವೆ. ನೀಲಿ ಟ್ಯೂಬಿನಲ್ಲಿ ಮತ್ತೆ ತೆಗೆದು ನೋಡಬಹುದು.

ಶುಗರ್‌ಗೆ ಬೂದು ಟ್ಯೂಬು ಯಾಕೆ ಅಂದರೆ, ರಕ್ತ ಹೊರಗೆ ಬಂದ ಮೇಲೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು. ಮನೆಯಲ್ಲಿ ತೆಗೆದ ಸ್ಯಾಂಪಲ್ ಬೈಕಿನಲ್ಲಿ ಊರೆಲ್ಲ ಸುತ್ತಿ ಬಂದರೆ ಶುಗರ್ ಕಮ್ಮಿ ತೋರಿಸಬಹುದು. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಮ್ಮಿ ನಾರ್ಮಲ್, 126 ಮತ್ತು ಮೇಲೆ ಸಕ್ಕರೆ ಕಾಯಿಲೆ, ನಡುವಿನದ್ದು ಎಚ್ಚರಿಕೆ. ಆದರೆ ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಮ್ಮೆ ಮಾಡಿಸಿಯೇ ಖಚಿತ ಮಾಡಿಕೊಳ್ಳಬೇಕು. ಊಟದ ನಂತರದ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ, ಕೈ ತೊಳೆದಲ್ಲಿಂದ ಅಲ್ಲ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಶುಗರ್ ಸರಾಸರಿ, 6.5 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆ. ಕಬ್ಬಿಣ ಕಮ್ಮಿ ಇರುವ ಹೆಂಗಸರಲ್ಲಿ ಇದು ಇದ್ದದ್ದಕ್ಕಿಂತ ಜಾಸ್ತಿ ಬರಬಹುದು, ಹಿಮೋಗ್ಲೋಬಿನ್ ನೋಡದೆ ಇದೊಂದನ್ನೇ ಹಿಡಿದುಕೊಂಡು ಕೂರಬೇಡಿ.

ಥೈರಾಯ್ಡ್ ಟೆಸ್ಟಿಗೆ ಮೊದಲು ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಹೇಳಿ, ಕೆಲವು ಮೆಷಿನ್ನುಗಳಲ್ಲಿ ಆ ಟೆಸ್ಟಿನ ಮುಖ್ಯ ಅಳತೆ ಟಿಎಸ್‌ಎಚ್ ಸುಳ್ಳು ಕಮ್ಮಿ ಬರುತ್ತದೆ. ಜ್ವರಕ್ಕೆ ವಿಡಾಲ್ ಅನ್ನೋ ರಕ್ತದ ಟೆಸ್ಟನ್ನು ಒಂದೇ ಒಂದು ಸಲ ಮಾಡಿಸಿ ಟೈಫಾಯ್ಡ್ ಅಂತ ತೀರ್ಮಾನಿಸುವುದು ನಮ್ಮ ಕಡೆ ಇವತ್ತಿಗೂ ಬಿಟ್ಟಿಲ್ಲ. ಅದು ಹಳೆ ಸೋಂಕಿಗೂ ಪಾಸಿಟಿವ್ ಬರಬಹುದು. ಆಂಟಿಬಯಾಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ಮಾಡಿಸುವುದು ಸರಿ.

ಮಗ ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಇದ್ದು "ಅಪ್ಪಾ, ನನ್ನ ಶುಗರ್ 5.4" ಅಂದರೆ ಇಲ್ಲಿ ಅಪ್ಪನಿಗೆ ಎದೆ ಧಸಕ್ ಅನ್ನುತ್ತದೆ. ಅಲ್ಲಿನ ಅಳತೆ ಬೇರೆ. 18ರಿಂದ ಗುಣಿಸಿ, 97 ಬರುತ್ತದೆ.